ಒಂದೇ ಮನೆಯ ಎರಡು ಲಾಗಿನ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಮತ್ತೆ ಅದೇ. ಬ್ಲಾಗ್‌ನಲ್ಲಿ ಲಾಗಿನ್ ಆಗಿ ಫೋರಂಗೆ ಹೋದರೆ ಅದು ‘ನೀವು ಯಾರು?’ ಅನ್ನುತ್ತದೆ. ಫೋರಂನಲ್ಲಿ ಲಾಗಿನ್ ಆಗಿ ಬ್ಲಾಗ್‌ಗೆ ಬಂದರೆ ಇದಕ್ಕೂ ಗುರುತಿಲ್ಲ. ಒಂದೇ ಸೈಟು, ಒಂದೇ ಸರ್ವರ್, ಅಕ್ಕಪಕ್ಕದ ಫೋಲ್ಡರ್. ಆದರೂ ಮಾತು ಬಿಟ್ಟವರ ಹಾಗೆ ಕೂತಿವೆ ಎರಡೂ. ಬೆಳಿಗ್ಗೆಯಿಂದ ಲಾಗಿನ್, ಲಾಗ್‌ಔಟ್, ಲಾಗಿನ್... ತಲೆ ಚಿಟ್ಟು ಹಿಡಿದಿದೆ.

ಪಕ್ಕದ ಮೇಜಿನಿಂದ ಅಣ್ಣ: “ಏನಾಯ್ತೇ?”

“ಏನೂ ಆಗ್ಲಿಲ್ಲ. ಅದೇ ತೊಂದ್ರೆ.”

“ಮೇಡಂಗೆ ಶನಿವಾರ ಅಂದಿದೀನಿ ಕಣೇ.”

ಅಂದವನು ಇವನು, ಮಾಡಬೇಕಾದವಳು ನಾನು. ಇವನ ಆಫೀಸಿನ ಪದ್ಧತಿಯೇ ಇದು. ಆಫೀಸು ಅಂದರೆ ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆ, ಎರಡು ಮೇಜು, ಅಣ್ಣ, ತಂಗಿ. ಅಷ್ಟೇ ಪರಿವಾರ.

ಕೆಲಸ ಕೇಳಲು ಸಣ್ಣದು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಒಂದು ಸೈಟು. ನಡೆಸುವವರು ಒಬ್ಬ ನಿವೃತ್ತ ನರ್ಸ್. ನಮಗೆ ಬರೀ ಮೇಡಂ. ಸೈಟಿಗೆ ಎರಡು ಭಾಗ. ಬ್ಲಾಗ್‌ನಲ್ಲಿ ಲೇಖನ, ಅಂಕಣ. ಫೋರಂನಲ್ಲಿ ಹರಟೆ, ಅಳು, ಜಗಳ, ಬೆನ್ನಿನ ಹುಣ್ಣಿಗೆ ಏನು ಹಚ್ಚಬೇಕು ಅನ್ನುವ ಪ್ರಶ್ನೆ. ಎರಡಕ್ಕೂ ಬೇರೆ ಲಾಗಿನ್, ಬೇರೆ ಪಾಸ್‌ವರ್ಡ್. ದಿನ ಬೆಳಗಾದರೆ ಮೇಡಂಗೆ ‘ಪಾಸ್‌ವರ್ಡ್ ಮರೆತೆ’ ಅಂತ ಫೋನು. ಒಂದೇ ಕೀಲಿ ಮಾಡಿಕೊಡಿ ಅಂತ ಕೇಳಿದ್ದಾರೆ.

“ಸರಿಯಾಗಿ ನಿದ್ದೆ ಇಲ್ದೆ ಇರೋ ಜನ ಕಣಮ್ಮ,” ಅಂದರು ಫೋನಿನಲ್ಲಿ. “ಅವರಿಗೆ ಎರಡೆರಡು ಪಾಸ್‌ವರ್ಡ್ ನೆನಪಿಟ್ಕೊಳ್ಳಿ ಅನ್ನೋದು ಪಾಪ.”

ಸರಿ. ಪಾಪ ಕಳೆಯುವ ಕೆಲಸ ನನ್ನ ತಲೆಗೆ.

ಮಾರ್ಚ್ 5, ಬುಧವಾರ

ಕುಕೀ, ಅಂದರೆ ಲಾಗಿನ್ ಆದವರ ಗುರುತಿನ ಚೀಟಿ, ಸರಿಹೋಯಿತು. ಬ್ಲಾಗ್ ತನ್ನ ಫೋಲ್ಡರ್‌ಗೆ ಮಾತ್ರ ಅಂತ ಬರೆದಿಟ್ಟುಕೊಂಡಿತ್ತು, ಇಡೀ ಸೈಟಿಗೆ ಅಂತ ಬದಲಾಯಿಸಿದೆ. ಒಂದು ಸಾಲು. ಅದಕ್ಕೆ ಎರಡು ದಿನ ಹಾಳು. ಬೈದುಕೊಂಡೆ, ಆಮೇಲೆ ಖುಷಿಯೂ ಆಯಿತು.

ಈಗ ಖಾತೆಗಳನ್ನು ಜೋಡಿಸಬೇಕು. ಬ್ಲಾಗ್‌ನಲ್ಲಿರುವ ಈ ಮನುಷ್ಯನೇ ಫೋರಂನಲ್ಲಿರುವ ಆ ಮನುಷ್ಯ ಅಂತ ಹೇಗೆ ಗೊತ್ತಾಗಬೇಕು? ಬ್ಲಾಗ್‌ನಲ್ಲಿ ನಿಜವಾದ ಹೆಸರು, ಫೋರಂನಲ್ಲಿ ಎಲ್ಲ ಅಡ್ಡಹೆಸರು. ಎರಡೂ ಕಡೆ ಒಂದೇ ಆಗಿರುವುದು ಮೇಲ್ ವಿಳಾಸ ಮಾತ್ರ. ಒಂದೇ ಮೇಲ್ ಅಂದರೆ ಒಬ್ಬರೇ ಮನುಷ್ಯ. ಹಾಗೆ ಜೋಡಿಸಿದೆ. ಇನ್ನು ಬ್ಲಾಗ್ ಪಾಸ್‌ವರ್ಡೇ ಎರಡಕ್ಕೂ.

ಪರೀಕ್ಷೆಯ ನೆಪದಲ್ಲಿ ಕೆಲಸ ಬಿಟ್ಟು ಓದುತ್ತಾ ಕೂತೆ. ಬ್ಲಾಗ್‌ಗೆ ಒಬ್ಬರು ರಾಣಿ — ಎಲ್ಲರೂ ಕರೆಯುವುದು ‘ಟೀಚರ್’ ಅಂತ. ಭೂಗೋಳ ಪಾಠ ಮಾಡುತ್ತಿದ್ದವರು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಎಡಗೈಯೂ ಸ್ವಾಧೀನದಲ್ಲಿಲ್ಲ, ಬಲಗೈಯ ಒಂದು ಬೆರಳಿನಲ್ಲಿ ಟ್ಯಾಬ್ಲೆಟ್ ಮೇಲೆ ಬರೆಯುತ್ತಾರೆ. ‘ನನ್ನ ಪ್ರಪಂಚ ಈಗ ಆರಡಿ ಉದ್ದ, ಮೂರಡಿ ಅಗಲ. ಇಷ್ಟು ಸುಲಭದ ನಕ್ಷೆಯನ್ನು ನಾನು ಮಕ್ಕಳಿಗೆ ಎಂದೂ ಕೊಟ್ಟಿರಲಿಲ್ಲ.’ ಮನೆಯ ವಿಷಯ ಹೆಚ್ಚು ಬರೆಯುವುದಿಲ್ಲ. ತಲೆ ಬಾಚುವ ‘ನಮ್ಮ ಹುಡುಗಿ’ ಒಬ್ಬಳು ಬಂದು ಹೋಗುತ್ತಾಳೆ.

ಫೋರಂಗೂ ಒಬ್ಬಳು ರಾಣಿ. ಹೆಸರು ‘ಒಣಗದ ಬಟ್ಟೆ’. ಯಾರದೋ ಸೊಸೆ. ಬೆಂಕಿ. ‘ಇವತ್ತು ಮೂರು ಸಲ ಶೀಟ್ ಬದಲಾಯಿಸಿದೆ. ಮೂರನೇ ಸಲ ಬಚ್ಚಲಲ್ಲಿ ಬಕೆಟ್‌ಗೆ ಒದ್ದೆ. ಒಡೆದುಹೋಯಿತು. ಏನದು ಸದ್ದು ಅಂದರು ಅತ್ತೆ. ಬೆಕ್ಕು ಅಂದೆ. ನಮ್ಮನೆಯಲ್ಲಿ ಬೆಕ್ಕೇ ಇಲ್ಲ.’ ಇದನ್ನು ಓದಿ ನಾನು ನಕ್ಕ ರಭಸಕ್ಕೆ ಅಣ್ಣ ಕುರ್ಚಿ ತಿರುಗಿಸಿ ನೋಡಿದ. ಅದರ ಮುಂದಿನದು ನಗುವಂಥದ್ದಲ್ಲ. ‘ಕೆಲವು ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ನಿಲ್ಲುತ್ತೇನೆ. ಒಳಗೆ ಉಸಿರಿನ ಸದ್ದು ಇರದಿದ್ದರೆ ಅಂತ ಆಸೆಯಾಗುತ್ತದೆ. ಸದ್ದು ಕೇಳಿಸುತ್ತದೆ. ಒಳಗೆ ಹೋಗಿ ಗುಡ್ ಮಾರ್ನಿಂಗ್ ಅನ್ನುತ್ತೇನೆ.’ ಅದರ ಕೆಳಗೆ ಎಷ್ಟೋ ಜನ ಬರೆದಿದ್ದಾರೆ — ನನಗೂ, ನನಗೂ, ನನಗೂ.

ಮುಚ್ಚಿಟ್ಟು ಕೆಲಸಕ್ಕೆ ಬಂದೆ. ನೋಡಬಾರದ್ದನ್ನು ನೋಡಿದ ಹಾಗಾಯಿತು.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಆನ್ ಮಾಡಿದೆವು. ಒಂದು ಲಾಗಿನ್, ಎರಡೂ ಕಡೆ ಪ್ರವೇಶ. ಮೇಡಂ ಮೂರು ಸಲ ಒಳಗೆ ಹೋಗಿ ಹೊರಗೆ ಬಂದು “ಅಯ್ಯೋ, ಎಷ್ಟು ಚೆನ್ನಾಗಿದೆಯಮ್ಮ!” ಅಂದರು. ಅಣ್ಣ ಕಾಫಿ ತಂದುಕೊಟ್ಟ, ತನ್ನ ಕೈಯಾರೆ. ನಾಳೆ ಕಂಪ್ಯೂಟರ್ ಮುಖ ನೋಡುವುದಿಲ್ಲ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 10.30

ದೊಡ್ಡ ಎಡವಟ್ಟಾಗಿದೆ. ಮೊದಲಿನಿಂದ ಬರೆಯುತ್ತೇನೆ.

ಮೇಡಂ ಫೋನ್ ಮಾಡಿದ್ದು ನಗುತ್ತಲೇ. “ಒಣಗದ ಬಟ್ಟೆ ನಿನ್ನೆ ತನ್ನ ಪೋಸ್ಟಿಗೆ ತಾನೇ ಉತ್ತರ ಬರ್ಕೊಂಡಿದಾಳೆ ನೋಡಿದ್ಯಾ? ಕೆಳಗೆ ಟೀಚರ್ ಅಂತ ಸೈನ್ ಬೇರೆ. ತಮಾಷೆ ಮಾಡ್ತಿದಾಳೋ ಏನೋ. ಅದ್ರ ಮೇಲೆ ಬೆಳಿಗ್ಗೆ ಅವಳದೇ ಇನ್ನೊಂದು ದೂರು, ಪಾಸ್‌ವರ್ಡ್ ತಗೋತಾ ಇಲ್ವಂತೆ.”

ತೆರೆದು ನೋಡಿದೆ. ಒಣಗದ ಬಟ್ಟೆಯ ಹಳೆಯ ಪೋಸ್ಟು, ಅತ್ತೆ ನೀರಿನ ಲೋಟವನ್ನೂ ತಾನಾಗಿ ಹಿಡಿಯುವುದಿಲ್ಲ ಅಂತ ಬೈದದ್ದು. ಅದರ ಕೆಳಗೆ, ಒಣಗದ ಬಟ್ಟೆಯ ಹೆಸರಲ್ಲೇ: ‘ತಾಯಿ, ನಿಮ್ಮ ಅತ್ತೆಯ ನಂಬರ್ ಕೊಡಿ. ನಾನೂ ಹಾಸಿಗೆಯಲ್ಲೇ ಇರುವವಳು. ನಾಲ್ಕು ಬುದ್ಧಿಮಾತು ಹೇಳುತ್ತೇನೆ. — ಟೀಚರ್.’

ಮೊದಲು ಅರ್ಥವಾಗಲಿಲ್ಲ. ಆಮೇಲೆ ಖಾತೆ ತೆರೆದೆ. ಬ್ಲಾಗ್‌ನ ಟೀಚರ್, ಫೋರಂನ ಒಣಗದ ಬಟ್ಟೆ — ಎರಡಕ್ಕೂ ಒಂದೇ ಮೇಲ್. ನಾನು ಒಬ್ಬರೇ ಅಂತ ಜೋಡಿಸಿದ್ದೇನೆ. ಒಬ್ಬರಲ್ಲ. ಇಬ್ಬರು. ಒಂದು ಮನೆ, ಮನೆಗೆಲ್ಲ ಒಂದು ಮೇಲ್.

ಬ್ಲಾಗ್‌ನಲ್ಲಿ ‘ಬೆಕ್ಕು’ ಅಂತ ಹುಡುಕಿದೆ. ಟೀಚರ್ ಅಂಕಣ, ಕಳೆದ ವರ್ಷದ್ದು: ‘ನಮ್ಮ ಮನೆಗೆ ಈಗೀಗ ಒಂದು ಬೆಕ್ಕು ಬರುತ್ತಿದೆ. ಬಕೆಟ್ ಉರುಳಿಸುತ್ತದೆ. ನಾನಿನ್ನೂ ನೋಡಿಲ್ಲ, ಸದ್ದು ಮಾತ್ರ ಕೇಳಿದ್ದೇನೆ.’

ಆ ಅತ್ತೆ ಈ ಟೀಚರ್. ನಮ್ಮ ಹುಡುಗಿ ಅಂದರೆ ಆ ಸೊಸೆ.

ನಮ್ಮ ಆಫೀಸಿಗೂ ಒಂದೇ ಮೇಲ್! ನಾನು ಓದುತ್ತೇನೆ, ಅಣ್ಣನೂ ಓದುತ್ತಾನೆ. ದಿನಾ ಕಣ್ಣೆದುರಿಗಿದ್ದರೂ ಹೊಳೆಯಬಾರದೇ? ಮಂಕು ಕವಿದಿತ್ತು ನನಗೆ.

ಮಧ್ಯಾಹ್ನ 3

ಫೋರಂ ಮುಚ್ಚಿದೆ. ‘ದುರಸ್ತಿ ನಡೆಯುತ್ತಿದೆ’ ಅಂತ ಬೋರ್ಡ್ ತೂಗುಹಾಕಿದೆ. ಅಣ್ಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾನೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಲಾಗ್, ಅಂದರೆ ಯಾರು ಯಾವಾಗ ಏನು ತೆರೆದರು ಅನ್ನುವ ದಾಖಲೆ, ನೋಡಿದೆವು. ಭಾನುವಾರ ಊಟದ ಹೊತ್ತು ಕಳೆದ ಮೇಲೆ ಟೀಚರ್ ಒಳಗೆ ಬಂದಿದ್ದಾರೆ, ಟ್ಯಾಬ್ಲೆಟ್‌ನಿಂದ. ಫೋರಂ ಬಾಗಿಲಲ್ಲೇ ಆ ಖಾತೆಯ ಹಳೆಯ ಬರಹಗಳೆಲ್ಲ ಸಾಲಾಗಿ ಬಿದ್ದಿವೆ, ಇವು ನಿಮ್ಮವು ಅಂತ. ಟೀಚರ್‌ಗೆ ಅದು ಹೊಸ ಜಾಗ. ಯಾರದೋ ಅಂದುಕೊಂಡು ಓದಿದ್ದಾರೆ. ಉತ್ತರ ಬರೆದಿದ್ದಾರೆ. ಆಮೇಲೆ ಮುಂದಿನದು. ಅದರ ಮುಂದಿನದು. ಬೆಕ್ಕಿನ ಪೋಸ್ಟು. ಅಲ್ಲಿ ತುಂಬ ಹೊತ್ತು ಏನೂ ಇಲ್ಲ. ಮತ್ತೆ ಬೆಕ್ಕಿನ ಪೋಸ್ಟೇ. ಅದಾದ ಮೇಲೆ ಮೊದಲಿನಿಂದ ಎಲ್ಲವೂ, ಒಂದೂ ಬಿಡದೆ, ಸಂಜೆಯವರೆಗೆ.

ಬೆಳಿಗ್ಗೆಯ ಬಾಗಿಲು, ಉಸಿರಿನ ಸದ್ದು — ಅದೂ.

“ಹಳೇ ಬ್ಯಾಕಪ್ ಹಾಕಿಬಿಡು,” ಅಂದ ಅಣ್ಣ.

ಹಾಕುವ ಹಾಗಿಲ್ಲ. ಶುಕ್ರವಾರದ ಬ್ಯಾಕಪ್ ಹಾಕಿದರೆ ಶನಿ, ಭಾನು ಉಳಿದವರು ಬರೆದದ್ದೆಲ್ಲ ಹೋಗುತ್ತದೆ. ಒಬ್ಬರು ಹೆಂಡತಿ ಹೋದ ಸುದ್ದಿ ಬರೆದಿದ್ದಾರೆ, ಕೆಳಗೆ ಪುಟಗಟ್ಟಲೆ ಸಮಾಧಾನ. ಅದನ್ನು ಅಳಿಸುವುದಕ್ಕೆ ನಾನ್ಯಾರು? ಕೈಯಿಂದಲೇ ಬಿಡಿಸಬೇಕು. ಒಂದೊಂದೇ ಎಳೆ.

ಸಂಜೆ 6

ಬೇರೆ ಮಾಡಿದೆ. ಸೊಸೆಗೆ ಹಳೆಯ ಪಾಸ್‌ವರ್ಡ್ ವಾಪಸ್. ಟೀಚರ್ ಬರೆದ ಉತ್ತರ ತೆಗೆದೆ. ಒಂದೇ ಮೇಲ್ ಇರುವ ಮನೆಗಳು ಇನ್ನೂ ಇದ್ದವು — ಗಂಡ ಹೆಂಡತಿ, ತಂದೆ ಮಗಳು. ಪುಣ್ಯಕ್ಕೆ ಅವರಲ್ಲಿ ಯಾರೂ ಒಳಗೆ ಬಂದಿರಲಿಲ್ಲ. ಎಲ್ಲವನ್ನೂ ಬಿಡಿಸಿದೆ.

ಉಳಿದದ್ದು ಒಂದು. ಫೋರಂನಲ್ಲಿ ಮೇಲ್ಗಡೆ ‘ನೀವು ಕಳೆದ ಬಾರಿ ಬಂದದ್ದು’ ಅಂತ ದಿನಾಂಕ ಬರುತ್ತದೆ. ಸೊಸೆ ಒಳಗೆ ಬಂದರೆ ಭಾನುವಾರ ಅಂತ ಕಾಣುತ್ತದೆ. ಭಾನುವಾರ ಆಕೆ ಬಂದಿರಲಿಲ್ಲ. ಬದಲಾಯಿಸಲು ಕೈ ಇಟ್ಟೆ. ಅಣ್ಣ ತಡೆದ.

“ಇಷ್ಟೊತ್ತು ಮಾಡಿದ್ದು ರಿಪೇರಿ. ಇದು ಮುಚ್ಚಿಡೋದು.”

“ಮತ್ತೆ ಏನ್ ಮಾಡ್ಲಿ? ನಿಮ್ಮತ್ತೆ ಎಲ್ಲಾ ಓದಿದ್ರು ಅಂತ ಹೇಳ್ಲಾ?”

“ಹೇಳ್ಬೇಕು. ಅವಳ ಖಾತೆ, ಅವಳ ಬರಹ. ನಾವು ಬೇರೆಯವರ ಕೈಗೆ ಕೀಲಿ ಕೊಟ್ವಿ. ಕೊಟ್ಟಿದ್ದು ಅವಳಿಗೆ ಗೊತ್ತಾಗ್ಬೇಕು.”

“ಆ ಮನೇಲಿ ನಾಳೆ ಬೆಳಿಗ್ಗೆ ಎದ್ದು ಅವರಿಬ್ರೂ ಒಬ್ರನ್ನೊಬ್ರು ನೋಡ್ಬೇಕು ಕಣೋ. ನೀನು ಹೋಗಿ ನೋಡ್ತೀಯಾ?”

ಕಿರುಚಿದೆ ಅಂತ ಕಾಣುತ್ತದೆ. ಕೆಳಗೆ ಕನ್ನಡಕದ ಅಂಗಡಿಯವರು ತಲೆ ಹೊರಗೆ ಹಾಕಿ ಮೇಲೆ ನೋಡಿದರು. ಅಣ್ಣ ಎದ್ದು ಹೋದ. ದಿನಾಂಕ ಬದಲಾಯಿಸಿದೆ.

ಇನ್ನೊಂದು ಆಮೇಲೆ ಹೊಳೆಯಿತು. ಹೇಳಬೇಕೆಂದರೂ ಹೇಗೆ ಹೇಳುವುದು? ಮೇಲ್ ಕಳಿಸಿದರೆ ಆ ಒಂದೇ ಡಬ್ಬಿಗೆ ಹೋಗುತ್ತದೆ. ಒಬ್ಬರಿಗೆ ಬರೆದದ್ದನ್ನು ಇಬ್ಬರೂ ಓದುತ್ತಾರೆ. ಸೊಸೆ ಫೋರಂನಿಂದ ಮೇಲ್ ಬರದ ಹಾಗೆ ಎಲ್ಲ ಆಫ್ ಮಾಡಿಟ್ಟಿದ್ದು ಈಗ ಅರ್ಥವಾಗುತ್ತಿದೆ. ಆಕೆ ಜಾಗ್ರತೆಯಿಂದಲೇ ಇದ್ದಳು. ಇಲ್ಲದಿದ್ದವಳು ನಾನು.

ಮಾರ್ಚ್ 11, ಮಂಗಳವಾರ

ಬ್ಲಾಗ್‌ನಲ್ಲಿ ಒಂದು ಹೊಸ ಡ್ರಾಫ್ಟ್. ಟೀಚರ್ ಖಾತೆ. ಡ್ರಾಫ್ಟು ಹೊರಗೆ ಯಾರಿಗೂ ಕಾಣದು. ಬರೆದವರಿಗೆ ಮತ್ತು ನಮಗೆ ಮಾತ್ರ. ತಲೆಬರಹ: ‘ಪ್ರಕಟಿಸಬೇಡಿ’. ಹಾಗೇ ಇಲ್ಲಿ ಇಳಿಸಿಕೊಳ್ಳುತ್ತೇನೆ.

‘ಈ ಯಂತ್ರ ನೋಡಿಕೊಳ್ಳುವವರಿಗೆ. ಮೇಲ್ ಬರೆಯುವಂತಿಲ್ಲ, ಮಗ ಮನೆಗೆಲ್ಲ ಒಂದೇ ಮಾಡಿಕೊಟ್ಟು ಹಡಗಿನ ಕೆಲಸಕ್ಕೆ ಹೋಗಿದ್ದಾನೆ. ಭಾನುವಾರ ಫೋರಂ ಹೇಗಿದೆ ನೋಡೋಣವೆಂದು ಬಂದೆ. ಒಬ್ಬ ಸೊಸೆಯ ಬರಹ ಸಿಕ್ಕಿತು. ಓದುತ್ತಾ ನಕ್ಕೆ. ಆ ಅತ್ತೆಯ ಮೇಲೆ ಸಿಟ್ಟೂ ಬಂತು. ಎಂಥ ಹೆಂಗಸು, ಒಂದು ಲೋಟವನ್ನಾದರೂ ತಾನೇ ಹಿಡಿಯಬಾರದೇ ಎಂದುಕೊಂಡೆ. ಬುದ್ಧಿ ಹೇಳುತ್ತೇನೆಂದು ಬರೆದೂಬಿಟ್ಟೆ. ಆಮೇಲೆ ಬೆಕ್ಕು ಬಂತು.

ಅವಳು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ, ಆ ಬೆಕ್ಕಿನ ಹೊರತು. ನನಗೆ ನೋವಾಯಿತೇ ಎಂದರೆ ಆಯಿತು. ಇಲ್ಲವೆನ್ನಲಾರೆ. ಆದರೆ ಅವಳಿಗೆ ಹೇಳಬೇಡಿ. ಈ ಮನೆಯಲ್ಲಿ ಅವಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇಲ್ಲ. ನಾನು ಕೂಗಿದರೆ ಕೇಳಿಸಬೇಕಲ್ಲ. ಅವಳಿಗಿರುವುದು ಅದೊಂದೇ ಜಾಗ. ನಾನು ಅಲ್ಲಿಗೂ ಬಂದೆನೆಂದು ಗೊತ್ತಾದರೆ ಬರೆಯುವುದನ್ನು ನಿಲ್ಲಿಸುತ್ತಾಳೆ. ನಿಮ್ಮ ತಪ್ಪಿಗೆ ನಾನು ಬೈಯುವುದಿಲ್ಲ. ಇಷ್ಟು ಮಾಡಿ ಸಾಕು.’

ಒಂದು ಬೆರಳಿನಲ್ಲಿ ಇಷ್ಟು ಬರೆಯಲು ಎಷ್ಟು ಹೊತ್ತು ಬೇಕಾಗಿರಬೇಕು? ಓದಿ ಅತ್ತುಬಿಟ್ಟೆ. ಅಣ್ಣನಿಗೂ ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

“ಈಗಲೂ ಹೇಳ್ಬೇಕು ಅಂತೀಯಾ?”

“ಹೂಂ,” ಅಂದ. “ಆದ್ರೆ ಹೇಗೆ ಅಂತ ಗೊತ್ತಾಗ್ತಿಲ್ಲ.”

ಡ್ರಾಫ್ಟ್ ಕೆಳಗೆ ಬರೆದೆ: ‘ಹೇಳುವುದಿಲ್ಲ. ಕ್ಷಮಿಸಿ.’

ಮಾರ್ಚ್ 12, ಬುಧವಾರ. ಮಧ್ಯಾಹ್ನ

ಸೊಸೆ ಫೋನ್ ಮಾಡಿದರು. ಮೇಡಂ ನಂಬರ್ ಕೊಟ್ಟಿದ್ದರಂತೆ. ನಾನು ಯಾವುದೋ ಕಾಳಿಯ ದನಿ ಅಂದುಕೊಂಡಿದ್ದೆ. ಮೆಲ್ಲಗಿನ ದನಿ, ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು.

“ಪಾಸ್‌ವರ್ಡ್ ಈಗ ಸರಿ ಹೋಯ್ತು, ಥ್ಯಾಂಕ್ಸ್. ಅದು... ಮಧ್ಯದಲ್ಲಿ ಯಾಕೆ ಹೋಗಿತ್ತು?”

“ಹೊಸ ಲಾಗಿನ್ ಮಾಡ್ದಾಗ ಸ್ವಲ್ಪ ಗೊಂದಲ ಆಯ್ತು.”

“ಅಷ್ಟರಲ್ಲಿ ಯಾರಾದ್ರೂ ಒಳಗೆ ಬಂದಿದ್ರಾ? ನಂದು ಓದಿದ್ರಾ?”

“ಚೆಕ್ ಮಾಡಿ ಹೇಳ್ತೀನಿ,” ಅಂದೆ. ಹೇಡಿ ಮಾತು. ಆಕೆ ನಂಬಿದರು. ನಂಬಿ ಮಾತು ಮುಂದುವರಿಸಿದರು, ನಾನು ಯಾರೋ ಏನೋ, ಕೇಳುವ ಒಂದು ಕಿವಿ ಸಿಕ್ಕಿತಲ್ಲ ಅಂತ.

“ನಮ್ಮತ್ತೆ ಭಾನುವಾರದಿಂದ ಒಂಥರಾ ಇದಾರೆ. ಕರೆಯೋದೇ ಇಲ್ಲ. ನಾನೇ ಹೋಗಿ ಏನಾದ್ರೂ ಬೇಕಾ ಅಂದ್ರೆ ಏನೂ ಬೇಡಮ್ಮ ಅಂತಾರೆ. ನೀರು ಇಟ್ರೆ ಹಾಗೇ ಇರುತ್ತೆ. ಎದುರು ನಿಂತ್ರೆ ಎರಡು ಗುಟುಕು, ಅಷ್ಟೇ. ಯಾಕೆ ಅಂದ್ರೆ ಬಾಯಾರಿಕೆ ಇಲ್ಲ ಅಂತಾರೆ.”

ಫೋನ್ ಇಟ್ಟ ಮೇಲೆ ಆ ಪೋಸ್ಟುಗಳನ್ನು ಮತ್ತೆ ನೋಡಿದೆ. ಮೂರು ಸಲ ಶೀಟು. ‘ಮಧ್ಯಾಹ್ನ ಕಣ್ಣು ಮುಚ್ಚಿದೆನೋ ಇಲ್ಲವೋ, ಮತ್ತೆ ಒದ್ದೆ.’ ‘ನೀರು ಕುಡಿದಷ್ಟೂ ನನಗೆ ಕೆಲಸ.’ ಅದನ್ನು ಓದಿದ್ದಾರೆ ಟೀಚರ್. ಓದಿ, ಕುಡಿಯುವುದನ್ನು ಬಿಟ್ಟಿದ್ದಾರೆ.

ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಗುವ ಮೇಡಂ ನರ್ಸ್ ಆಗಿಬಿಟ್ಟರು. “ಮಲಗಿರೋರು ನೀರು ಬಿಟ್ರೆ ಇನ್‌ಫೆಕ್ಷನ್ ಬರುತ್ತಮ್ಮ. ಆ ವಯಸ್ಸಿಗೆ ಅದು ಆಟ ಅಲ್ಲ.” ಅವರೇ ಸೊಸೆಗೆ ಫೋನ್ ಮಾಡಿ ನೀರಿನ ವಿಷಯ ಒತ್ತಿ ಹೇಳುತ್ತಾರಂತೆ. ಕಾರಣ ಹೇಳುವುದಿಲ್ಲ.

ಮಾರ್ಚ್ 13, ಗುರುವಾರ

ನಿನ್ನೆ ಡ್ರಾಫ್ಟ್‌ನಲ್ಲಿ ಬರೆದಿದ್ದೆ: ‘ಟೀಚರ್, ದಯವಿಟ್ಟು ನೀರು ಕುಡಿಯಿರಿ.’ ಇವತ್ತು ಉತ್ತರ.

‘ನೀರಿನ ವಿಷಯ ನಿಮಗೆ ಅವಳೇ ಹೇಳಿರಬೇಕು. ಕೇಳಿ. ನಾನು ಕಡಿಮೆ ಕುಡಿದರೆ ಅವಳಿಗೆ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲು ಸಿಗುತ್ತದೆ. ಈ ವಾರ ಮಲಗಿದಳು. ಗೋಡೆಯಾಚೆಗೆ ಗೊರಕೆ ಕೇಳಿಸಿತು. ಅವಳು ಗೊರಕೆ ಹೊಡೆಯುತ್ತಾಳೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನನ್ನ ಕೈಯಿಂದ ಅವಳಿಗೆ ಕೊಡಲಾಗುವುದು ಇದೊಂದೇ. ಇದರಲ್ಲಿ ನೀವು ಕೈ ಹಾಕಬೇಡಿ.’

ಸಿಟ್ಟು ನೆತ್ತಿಗೇರಿತು. ಎಂಥ ಹಟ! ಬೈದು ಬರೆದೆ, ಅಳಿಸಿದೆ. ಮತ್ತೆ ಬರೆದೆ: ‘ಕಾಯಿಲೆ ಬಿದ್ದರೆ ಅವರಿಗೇ ಇನ್ನಷ್ಟು ಕೆಲಸ.’ ಉತ್ತರ ಬರಲಿಲ್ಲ.

ಅಣ್ಣ ಕೇಳಿದ, “ಇನ್ನೂ ಎಷ್ಟು ದಿನ ಸುಮ್ನಿರ್ತೀಯಾ?” ಮಾತು ಕೊಟ್ಟಿದ್ದೇನೆ ಅಂದೆ. “ನೀನು ಕೊಟ್ಟ ಮಾತಿಗೆ ಆ ಅಜ್ಜಿ ನೀರು ಬಿಡ್ಬೇಕಾ?” ಅಂದ. ಅವನ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ 17, ಸೋಮವಾರ. ಮಧ್ಯಾಹ್ನ 2

ಮೂರು ದಿನ ಏನೂ ಬರೆಯಲಿಲ್ಲ. ಬರೆಯಲು ಧೈರ್ಯ ಇರಲಿಲ್ಲ.

ಈಗ ತಾನೇ ಫೋನ್ ಇಟ್ಟೆ. ಬಿಟ್ಟರೆ ಮರೆಯುತ್ತದೆ ಅಂತಲ್ಲ, ಮರೆಯಬಾರದು ಅಂತ ಬರೆಯುತ್ತಿದ್ದೇನೆ.

ಸೊಸೆ. ದನಿ ಒಡೆದಿತ್ತು. “ಅತ್ತೆಗೆ ಜ್ವರ. ಶನಿವಾರದಿಂದ. ಡಾಕ್ಟರ್ ಮನೆಗೇ ಬಂದಿದ್ರು. ನನಗೇ ಬೈದ್ರು, ನೀರು ಯಾಕ್ರೀ ಕೊಡಲ್ಲ ಅಂತ. ನಾನು ಕೊಡ್ತೀನಿ! ಕುಡಿಯಲ್ಲ ಅವರು! ಅದನ್ನ ಹೇಳಿದ್ರೆ ಅತ್ತೆ ಕಣ್ಣು ಮುಚ್ಕೊಂಡು ಮಲಗಿಬಿಟ್ರು. ಡಾಕ್ಟರ್ ನನ್ನನ್ನ ಹೇಗೆ ನೋಡಿದ್ರು ಗೊತ್ತಾ.”

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ಆಕೆಯೇ ಮುಂದುವರಿಸಿದರು.

“ಒಂದು ಕೇಳ್ಲಾ? ನಾನು ಅಲ್ಲಿ ಏನೇನೋ ಬರ್ದಿದೀನಿ. ಬರೀಬಾರದ್ದು. ಬೆಳಿಗ್ಗೆ ಬಾಗಿಲು ತೆಗಿಯೋ ಮುಂಚೆ... ನೀವು ಓದಿರ್ತೀರಾ. ಅದು ನಿಜ ಆಗೋಗತ್ತಾ? ದೇವರು ಕೇಳಿಸ್ಕೊಂಡ್ನಾ?”

ಇಲ್ಲಿ ನನಗೆ ತಡೆಯಲಾಗಲಿಲ್ಲ. ಆಕೆ ತನ್ನ ಬರಹದಿಂದಲೇ ಅತ್ತೆ ಸಾಯುತ್ತಾರೆ ಅಂದುಕೊಂಡಿದ್ದಾಳೆ. ಅತ್ತೆ ಸೊಸೆಯ ಒಂದು ನಿದ್ದೆಗಾಗಿ ಒಳಗೊಳಗೇ ಒಣಗುತ್ತಿದ್ದಾರೆ. ಇಬ್ಬರ ನಡುವೆ ಒಂದು ಗೋಡೆ, ಎಲ್ಲಾ ಗೊತ್ತಿದ್ದ ನಾನು ಒಬ್ಬಳು. ನಾನು ಕೊಟ್ಟ ಮಾತು ಯಾರನ್ನು ಕಾಯುತ್ತಿತ್ತು? ನನ್ನನ್ನೇ, ಇನ್ಯಾರನ್ನು.

“ದೇವರು ಕೇಳಿಸ್ಕೊಂಡಿಲ್ಲ,” ಅಂದೆ. “ನಿಮ್ಮತ್ತೆ ಓದಿದಾರೆ.”

“ಹೇಗೆ?”

“ನನ್ನ ತಪ್ಪು. ಒಂದೇ ಮೇಲ್ ಇತ್ತು, ನಾನು ನಿಮ್ಮಿಬ್ರನ್ನೂ ಒಬ್ರು ಅಂತ ಸೇರಿಸ್ಬಿಟ್ಟೆ. ಅವರು ಬೇಕು ಅಂತ ಬರ್ಲಿಲ್ಲ. ಬೇರೆ ಯಾರದೋ ಅಂದ್ಕೊಂಡು ಓದಿದ್ರು.”

“ಎಷ್ಟು ಓದಿದ್ರು?”

“ಎಲ್ಲಾ.”

“...ಬಾಗಿಲಿಂದೂ?”

“ಹೂಂ.”

ಉಸಿರು ಕೇಳಿಸುತ್ತಿತ್ತು. ಅದಕ್ಕೇ ನೀರು ಬಿಟ್ಟಿದ್ದಾರೆ ಅಂದೆ. ನೀವು ಮಧ್ಯಾಹ್ನ ಮಲಗಲಿ ಅಂತ. ನಿಮಗೆ ಹೇಳಬೇಡಿ ಅಂತ ನನ್ನಿಂದ ಮಾತು ತಗೊಂಡಿದ್ದರು ಅಂದೆ. ಗೊರಕೆಯ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಲೈನ್ ಕಟ್ ಆಯಿತು. ಆಕೆಯೇ ಕಟ್ ಮಾಡಿದ್ದು.

ಸಂಜೆ 5

ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಡ್ರಾಫ್ಟ್ ಹಾಗೇ ಇದೆ. ಫೋರಂ ತುಂಬ ‘ಒಣಗದ ಬಟ್ಟೆ ಎಲ್ಲಿ?’ ಅಂತ ಜನ ಕೇಳುತ್ತಿದ್ದಾರೆ. ಅಣ್ಣನಿಗೆ ಹೇಳಿದೆ, ಹೇಳಿಬಿಟ್ಟೆ ಅಂತ. ‘ನಾನು ಹೇಳಿರ್ಲಿಲ್ವಾ’ ಅನ್ನುತ್ತಾನೆ ಅಂತ ಕಾದೆ. ಅನ್ನಲಿಲ್ಲ. ನೀರಿನ ಬಾಟಲಿ ನನ್ನ ಕಡೆ ತಳ್ಳಿದ. ಕುಡಿಯಲು ಆಗಲಿಲ್ಲ.

ಮಾರ್ಚ್ 18, ಮಂಗಳವಾರ

ಸುದ್ದಿಯಿಲ್ಲ. ಮೇಡಂ ಮಾಡಿದ ಫೋನನ್ನೂ ಸೊಸೆ ಎತ್ತಿಲ್ಲ. ಬೆಳಿಗ್ಗೆಯಿಂದ ಒಂದೇ ಪುಟ ರಿಫ್ರೆಶ್ ಮಾಡುತ್ತಿದ್ದೇನೆ. ಕನ್ನಡಕದ ಅಂಗಡಿಯ ಸೈಟಿನ ಕೆಲಸ ಬಾಕಿಯಿದೆ. ಅವರು ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿ ಹಾಗೇ ಇಳಿದು ಹೋದರು.

ನಾನು ಕೆಟ್ಟದ್ದನ್ನೇ ಯೋಚಿಸುತ್ತಿದ್ದೇನೆ. ಸೊಸೆ ಮನೆ ಬಿಟ್ಟು ಹೋಗಿದ್ದರೆ? ಟೀಚರ್ ಒಬ್ಬರೇ, ಆರಡಿ ಮೂರಡಿ, ಜ್ವರ...

ಮಾರ್ಚ್ 19, ಬುಧವಾರ. ಬೆಳಿಗ್ಗೆ 9

ಬಂತು. ಫೋರಂನಲ್ಲಿ. ಒಣಗದ ಬಟ್ಟೆ.

‘ಎಲ್ಲಿ ಎಲ್ಲಿ ಅಂತ ಕೇಳಿದವರಿಗೆ. ಇಲ್ಲೇ ಇದ್ದೇನೆ. ನಾನು ಇಲ್ಲಿ ಬರೆದದ್ದೆಲ್ಲ ಅತ್ತೆಗೆ ಗೊತ್ತಾಗಿದೆ. ಹೇಗೆ ಅಂತ ಕೇಳಬೇಡಿ.

ಸೋಮವಾರ ಅವರ ಕೋಣೆಗೆ ಹೋಗಲು ಆಗಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಕೂತಿದ್ದು ಅವರಿಗೂ ಗೊತ್ತಾಯಿತು. ಕತ್ತಲಾಗುತ್ತಾ ಬಂತು. ಕೊನೆಗೆ ಶೀಟು ಬದಲಾಯಿಸಲೇಬೇಕಿತ್ತು, ಹೋದೆ. ಎತ್ತುವಾಗ ಮುಖ ನೋಡಲಿಲ್ಲ. ಅವರೂ ನೋಡಲಿಲ್ಲ. ಇಬ್ಬರಿಗೂ ನಾಚಿಕೆ.

ಲೋಟ ಹಿಡಿದು ನಿಂತೆ. ಕುಡಿಯುವುದಿಲ್ಲ ಅಂದರು. ನನ್ನ ನಿದ್ದೆ ನಾನು ನೋಡಿಕೊಳ್ಳುತ್ತೇನೆ, ನಿಮ್ಮ ಉಪಕಾರ ಬೇಡ ಅಂತ ಕಿರುಚಿದೆ. ಹಾಗಾದರೆ ಆ ಬಾಗಿಲ ಹತ್ತಿರ ನಿಂತು ಏನು ಕೇಳಿಸಿಕೊಳ್ಳುತ್ತೀಯೋ ಕೇಳಿಸಿಕೋ ಹೋಗು ಅಂದರು. ನಾನು ಅತ್ತುಬಿಟ್ಟೆ. ಅವರೂ ಅತ್ತರು. ಆದರೂ ಬಾಯಿ ತೆರೆಯಲಿಲ್ಲ. ಕುಡಿಯದಿದ್ದರೆ ಇದನ್ನೂ ಬರೆಯುತ್ತೇನೆ, ಎಲ್ಲರೂ ಓದಲಿ ಅಂದೆ.

ಕುಡಿದರು. ಪೂರ್ತಿ ಲೋಟ. ಆದರೂ ಬರೆದೆ.’

ಅಣ್ಣ ನನ್ನ ಹಿಂದೆ ನಿಂತು ಓದಿದ. “ಜ್ವರ?” ಅಂದ. ಇಳಿದಿದೆಯಂತೆ, ಸೊಸೆ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದ್ದರಂತೆ ಅಂದೆ. ಬಾಟಲಿ ಎತ್ತಿ ಗಟಗಟ ಕುಡಿದೆ.

ಮಾರ್ಚ್ 20, ಗುರುವಾರ. ಬೆಳಿಗ್ಗೆ 11

ಟೀಚರ್ ಫೋರಂಗೆ ಹೊಸ ಖಾತೆ ಕೇಳಿದ್ದಾರೆ. ಅಡ್ಡಹೆಸರು ‘ಆ ಅತ್ತೆ’. ಮೇಲ್ ಅದೇ. ಒಂದೇ ಮೇಲ್ ಇದ್ದರೆ ಈಗ ಸಿಸ್ಟಮ್ ತಾನಾಗಿ ಸೇರಿಸುವುದಿಲ್ಲ, ನಿಲ್ಲಿಸಿ ನನ್ನನ್ನು ಕೇಳುತ್ತದೆ. ಹಾಗೆ ಬರೆದಿದ್ದೇನೆ.

ಮೇಡಂಗೆ ಭಾರೀ ಸಂತೋಷ. “ಒಪ್ಕೋಮ್ಮ! ಇಬ್ರೂ ಒಂದೇ ಕಡೆ, ಎಷ್ಟು ಚೆಂದ!” ಬಟನ್ ಮೇಲೆ ಬೆರಳಿಟ್ಟಿದ್ದೆ. ಚೆಂದ ಅಂತಲೇ ಹೋದ ಸಲವೂ ಒತ್ತಿದ್ದು. ಬೆರಳು ತೆಗೆದು ಸೊಸೆಗೆ ಫೋನ್ ಮಾಡಿದೆ.

ಈ ಸಲ ಎತ್ತಿದರು. ಹಿಂದೆ ಪಾತ್ರೆಯ ಸದ್ದು. ನನ್ನ ಮೇಲೆ ಸಿಟ್ಟು ಇನ್ನೂ ಇದೆ, ಮಾತಿನಲ್ಲೇ ಗೊತ್ತಾಗುತ್ತದೆ. ಇರಲಿ. ವಿಷಯ ಹೇಳಿದೆ.

“ಬೇಡ ಅನ್ನಿ,” ಅಂದರು. “ಅದು ನನ್ನ ಜಾಗ. ಜಗಳ ಆಡೋದಿದ್ರೆ ಮನೇಲಿ ಆಡ್ಲಿ. ನಾನು ಇಲ್ಲೇ ಇದೀನಲ್ಲ.”

ಬೇಡ ಅಂತ ಒತ್ತಿದೆ. ‘ಕಾರಣ ಬರೆಯಿರಿ’ ಅಂತ ಖಾಲಿ ಜಾಗ ಬಂತು. ತಾಂತ್ರಿಕ ತೊಂದರೆ ಅಂತ ಬರೆದೆ, ಹಾಗಂದರೆ ಕೈ ತೊಳೆದುಕೊಳ್ಳಬಹುದು. ಅಣ್ಣ ಈ ಕಡೆಯೇ ನೋಡುತ್ತಿದ್ದಾನೆ. ಅಳಿಸಿದೆ. ಮತ್ತೆ ಶುರು ಮಾಡಿದೆ — ‘ಟೀಚರ್, ನಿಮ್ಮ ಸೊಸೆಯನ್ನು ಕೇಳಿದೆ. ಅವರು ಬೇಡ ಅಂದರು, ಅದು ತಮ್ಮ ಜಾಗವಂತೆ. ಜಗಳ ಆಡುವುದಿದ್ದರೆ ಮನೆಯಲ್ಲೇ ಆಡಬೇಕಂತೆ.’